ಚಿತ್ತಾಪುರದ ಎಡಹೆಗಲು

ಆ ಹೆಗಲನ್ನು ನಾನು ಮೂರು ತಿಂಗಳು ನೀವಿದೆ. ಮೂರು ತಿಂಗಳೂ ಅದು ನನ್ನನ್ನು ಏಮಾರಿಸಿತು. ಇಂದು ಕುಳಿತು ಬರೆಯುವಾಗಲೂ ಅದರ ಬಗ್ಗೆ ಎಲ್ಲ ಗೊತ್ತು ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ.

ನಾವು ಕಾಗಿಣಾ ದಂಡೆಯ ಅಂಬಿಗರು. ಶಹಾಬಾದಿನಲ್ಲಿ ಹೊಳೆಯ ಕಡೆಗೆ ನಮ್ಮ ಓಣಿ. ಮೈಕೈ ಹಿಡಿದ ಗಂಡಸರನ್ನು ನಮ್ಮ ಮಾವ ನೋಡುತ್ತಿದ್ದರು, ಹೆಂಗಸರನ್ನು ಅತ್ತೆ. ಎಣ್ಣೆ ಹಚ್ಚಿ ನೀವುವುದು, ಉಳುಕು ತೆಗೆಯುವುದು, ಶಾಖ ಕೊಡುವುದು ಅತ್ತೆಯಿಂದ ನನ್ನ ಕೈಗೆ ಬಂತು. ನಿಜಾಮರ ಆಳ್ವಿಕೆ, ಮೇಲೆ ಯುದ್ಧದ ಕಾಲ. ಚಿಮಣಿ ಎಣ್ಣೆ ಸಿಗುವುದೇ ಕಷ್ಟವಾಗಿತ್ತು. ಎಳ್ಳಮವಾಸ್ಯೆ ಮುಗಿದು ನಾಲ್ಕಾರು ದಿನವಾಗಿರಬೇಕು, ಚಿತ್ತಾಪುರದ ಒಬ್ಬ ತೊಗರಿ ಸಾವಕಾರರು ನಮ್ಮ ಓಣಿಯ ಬಾಯಿಗೆ ಬಂದು ನಿಂತು ನನ್ನನ್ನು ಕರೆಸಿದರು.

"ನೋಡವ್ವಾ, ನಮ್ಮ ಅವ್ವಂದು ಎಡಗೈ ವರ್ಷದಿಂದ ಮ್ಯಾಲ ಏಳವಲ್ದು," ಎಂದರು. "ಸರಕಾರಿ ದವಾಖಾನಿ ಆಯ್ತು, ಹಕೀಮರ ಲೇಪ ಆಯ್ತು. ಏನೂ ಫರಕ ಬಿದ್ದಿಲ್ಲ. ನಿನ್ನ ಕೈಗುಣ ಭಾಳ ಛಲೋ ಅದ ಅಂತಾರ. ಒಂದು ಸಲ ಬಂದು ನೋಡು."

ಕೈಗುಣ ಎಂದ ಕೂಡಲೇ ನಾನು ಉಬ್ಬಿಹೋದೆ. ಮರುದಿನವೇ ರೈಲು ಹತ್ತಿದೆ. ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿದು ಚಿತ್ತಾಪುರ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ದಾಟಿತ್ತು. ಅಲ್ಲಿಂದ ಮುಂದೆ ಪ್ರತಿ ಬೇಸ್ತವಾರವೂ ನನಗೆ ಅದೇ ದಾರಿ, ಅದೇ ಹೊತ್ತು.

ಸಾವಕಾರರ ತಾಯಿಗೆ ಅರವತ್ತರ ಮೇಲಾಗಿತ್ತು. ತೆಳ್ಳನೆಯ ಮೈ, ನೆಟ್ಟಗಿನ ಬೆನ್ನು, ಹಣೆಯ ತುಂಬ ವಿಭೂತಿ. ಪಡಸಾಲೆಯಲ್ಲಿ ಮಣೆಯ ಮೇಲೆ ಕೂತಿದ್ದರು. ನೋವು ಎಲ್ಲಿ, ಎಂದಿನಿಂದ ಎಂದು ನಾನು ಕೇಳುತ್ತಿದ್ದರೆ ಅವರು ನನ್ನನ್ನು ಅರ್ಧಕ್ಕೇ ತಡೆದರು.

"ಬ್ಯಾನಿಗಿ ನಾ ಅಂಜಂಗಿಲ್ಲ ತಂಗಿ. ನಾಕು ಹಡದೀನಿ," ಎಂದರು. "ಲಿಂಗ ಹಿಡದಾಗ ಕೈ ನಡಗಲಿಕತ್ತದ. ಅದಕ್ಕ ಅಂಜೀನಿ. ಒಂದು ದಿನ ಕೈ ಸೋತು ಲಿಂಗ ನೆಲಕ್ಕ ಬಿತ್ತಂದ್ರ ನಾ ಬದುಕಿ ಇರಬಾರದು. ಕೈ ನಿಂದ್ರಂಗ ಮಾಡು, ಸಾಕು."

ಅವರ ಮನೆತನದ ನಡೆ ನನಗೆ ಗೊತ್ತಿತ್ತು. ಎದೆಯ ಮೇಲಿನ ಲಿಂಗವನ್ನು ಬೆಳಿಗ್ಗೆ, ಸಂಜೆ ಸ್ನಾನ ಮಾಡಿ ಎಡ ಅಂಗೈಯಲ್ಲಿ ಇಟ್ಟುಕೊಳ್ಳುತ್ತಾರೆ. ಕೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅದನ್ನೇ ನೋಡುತ್ತ ಕೂಡುತ್ತಾರೆ. ಆ ಪೂಜೆಯಾಗದೆ ಆ ತಾಯಿ ಹನಿ ನೀರೂ ಬಾಯಿಗೆ ಹಾಕುತ್ತಿರಲಿಲ್ಲ. ಲಿಂಗ ಕಟ್ಟದ ನಮ್ಮಂಥವರು ಅದನ್ನು ನೋಡಬಾರದು. ಹಾಗಾಗಿ ಒಳಗಿನ ದೇವರ ಕೋಣೆಗೂ ನನಗೂ ಸಂಬಂಧವಿರಲಿಲ್ಲ. ನನ್ನ ಜಾಗ ಪಡಸಾಲೆ.

ಮೊದಲ ತೊಡಕು ಅಲ್ಲೇ ಶುರುವಾಯಿತು. ಹೆಗಲು ಹಿಡಿದವರನ್ನು ನಾವು ಬೋರಲು ಮಲಗಿಸುತ್ತೇವೆ. ಇವರು ಬೋರಲು ಮಲಗಿದರೆ ಲಿಂಗ ನೆಲಕ್ಕೆ ಒತ್ತುತ್ತದೆ, ತೆಗೆದಿಡಿ ಎನ್ನುವ ಮಾತೇ ಇಲ್ಲ. ಕೊನೆಗೆ ಮಣೆಯ ಮೇಲೆ ಕೂರಿಸಿ, ಮುಂದೆ ಒಂದು ಜೋಳದ ಚೀಲ ಇರಿಸಿ, ಅದಕ್ಕೆ ಹಣೆ ಆನಿಸಿಕೊಳ್ಳಲು ಹೇಳಿದೆ. ಅವರು ಬಲಗೈಯಿಂದ ಲಿಂಗದ ದಾರವನ್ನು ಒಂದು ಬದಿಗೆ ಹಿಡಿದುಕೊಂಡರು. ನನ್ನ ಬೆರಳು ಅದಕ್ಕೆ ತಾಗಬಾರದು. ಕೂತ ಮೈಯನ್ನು ನೀವುವಾಗ ನನ್ನ ಭಾರ ಪೂರ್ತಿ ಹಾಕಲು ಬರುವುದಿಲ್ಲ, ಹೆಬ್ಬೆರಳಲ್ಲೇ ಎಲ್ಲ ಆಗಬೇಕು. ಮೊದಲ ದಿನ ಮನೆಗೆ ಮರಳಿದಾಗ ನನ್ನ ಹೆಬ್ಬೆರಳೇ ಬಾತುಕೊಂಡಿತ್ತು.

ಕುಸುಬಿ ಎಣ್ಣೆಗೆ ಬೆಳ್ಳುಳ್ಳಿ, ಅಜವಾನ ಹಾಕಿ ಕಾಯಿಸಿದ್ದೆ. ಕುತ್ತಿಗೆಯಿಂದ ಹೆಗಲಿನ ತುದಿಗೆ, ಅಲ್ಲಿಂದ ರೆಟ್ಟೆಗೆ ಇಳಿಯುತ್ತ ನೀವಿದೆ. ಹೆಗಲ ಹಿಂದಿನ ಅಗಲ ಮೂಳೆ, ಬೆನ್ನ ಹಲಗೆ, ಅದರ ಮೇಲಂಚಿನಲ್ಲಿ ಅಡಿಕೆ ಗಾತ್ರದ ಒಂದು ಗಂಟು ಸಿಕ್ಕಿತು. ಅದನ್ನು ಒತ್ತಿ ಹಿಡಿದು, ಅವರಿಗೆ ಉಸಿರು ಬಿಡಲು ಹೇಳಿ, ಬಿಟ್ಟು, ಮತ್ತೆ ಒತ್ತಿದೆ. ಆಮೇಲೆ ಉಪ್ಪಿನ ಗಂಟಿನ ಶಾಖ ಕೊಟ್ಟೆ. ಎದ್ದು ಗೋಡೆಗೆ ಮುಖ ಮಾಡಿ ನಿಂತು ಎಡಗೈ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸಲು ಹೇಳಿದೆ. ಬೆರಳು ಎಲ್ಲಿಗೆ ನಿಂತಿತೋ ಅಲ್ಲಿ ಇದ್ದಿಲಿನಿಂದ ಗೆರೆ ಎಳೆದೆ. ಗೆರೆ ಅವರ ಕಿವಿಯ ಮಟ್ಟಕ್ಕಿತ್ತು.

ಎರಡನೆಯ ವಾರ ಗೆರೆ ನಾಲ್ಕು ಬೆರಳು ಮೇಲೇರಿತು. ಮೂರನೆಯ ವಾರ ಒಂದು ಗೇಣು. ಸಾವಕಾರರು ಗೋಡೆಯ ಮುಂದೆ ನಿಂತು ಅದನ್ನು ನೋಡಿ ತಲೆದೂಗಿದರು. ನಾನಂತೂ ವಾಡಿ ಸ್ಟೇಷನ್ನಿನಲ್ಲಿ ಗುರುತು ಪರಿಚಯ ಇಲ್ಲದವರ ಮುಂದೆಯೂ ಆ ಗೆರೆಯ ಸುದ್ದಿ ಹೇಳಿದ್ದುಂಟು.

ನಾಲ್ಕನೆಯ ವಾರ ಗೆರೆ ಏರಲಿಲ್ಲ, ಇಳಿಯಲೂ ಇಲ್ಲ. ನನಗೆ ಅನುಮಾನ ಬಂತು. ಈ ತಾಯಿ ಮನೆಯಲ್ಲಿ ಸುಮ್ಮನೆ ಕೂಡುವ ಜೀವವಲ್ಲ. ವಿಚಾರಿಸಿದರೆ ಬೀಸುವುದು ಅವರೇ, ರೊಟ್ಟಿ ಬಡಿಯುವುದು ಅವರೇ, ಎಡ ಬಗಲಲ್ಲಿ ಕೊಡ ಇಟ್ಟುಕೊಂಡು ಬಾವಿಯಿಂದ ನೀರು ತರುವುದೂ ಅವರೇ. ಸೊಸೆ ಬೇಡವೆಂದರೂ ಕೇಳುತ್ತಿರಲಿಲ್ಲ.

"ಅವ್ವಾರ, ನಾ ಬಿಚ್ಚಿದ ಗಂಟು ನೀವು ಬೀಸುಕಲ್ಲಿನ ಮುಂದ ಕುಂತು ಮತ್ತ ಕಟ್ಟಲಿಕತ್ತೀರಿ," ಎಂದೆ. "ಪೂಜಿಗಿ ಕೈ ಬೇಕಂದ್ರ ಉಳಿದ ಕೆಲಸ ಎಲ್ಲ ಬಿಡ್ರಿ. ಕೊಡ ಮುಟ್ಟಬ್ಯಾಡ್ರಿ, ಕಲ್ಲು ಮುಟ್ಟಬ್ಯಾಡ್ರಿ."

"ಸುಮ್ಮ ಕುಂತು ಏನು ಮಾಡ್ಲಿ ತಂಗಿ?"

"ಶಿವನ ಹೆಸರು ತಗೋರಿ."

ಅದನ್ನು ನಾನೇ ಹೇಳಿದ್ದು. ಎಷ್ಟು ಸಲೀಸಾಗಿ ಹೇಳಿದೆ ಎಂದು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಅವರು ಮಾತಿಗೆ ತಪ್ಪುವವರಲ್ಲ. ಮರುದಿನದಿಂದಲೇ ಬೀಸುಕಲ್ಲು, ರೊಟ್ಟಿ, ಕೊಡ ಎಲ್ಲ ಸೊಸೆಯ ಪಾಲಿಗೆ ಹೋದವು. ಮುಂದಿನ ಬೇಸ್ತವಾರ ಗೆರೆ ಇನ್ನೊಂದು ಗೇಣು ಏರಿರುತ್ತದೆ ಎಂದು ಹುಮ್ಮಸ್ಸಿನಿಂದ ಹೋದೆ. ಎರಡು ಬೆರಳು ಇಳಿದಿತ್ತು. ಗಂಟು ದೊಡ್ಡದಾಗಿತ್ತು. ಅದರ ಮುಂದಿನ ವಾರ ಮತ್ತೆ ಮೂರು ಬೆರಳು ಇಳಿಯಿತು. ದುಡಿಯುವಾಗ ವಾಸಿಯಾಗುತ್ತಿದ್ದ ಕೈ ಆರಾಮ ಕೊಟ್ಟ ಮೇಲೆ ಕೆಡುವುದೆಂದರೇನು? ನಾನು ಕಲಿತದ್ದರಲ್ಲಿ ಇಂಥದ್ದು ಇರಲೇ ಇಲ್ಲ.

ಎಣ್ಣೆ ಬದಲಿಸಿದೆ. ಔಡಲೆಣ್ಣೆ ಸವರಿದ ಎಕ್ಕೆಯ ಎಲೆಯನ್ನು ಬೆಂಕಿಗೆ ಹಿಡಿದು ಹೆಗಲಿಗೆ ಕಟ್ಟಿದೆ. ಯಾವ ಮಗ್ಗುಲಿಗೆ ಮಲಗುತ್ತೀರಿ ಎಂದು ಕೇಳಿದೆ, ಬಲಮಗ್ಗುಲು ಎಂದರು. ಕುತ್ತಿಗೆಯಿಂದ ಬಂದಿರಬಹುದೇ ಎಂದು ಎರಡು ವಾರ ಕುತ್ತಿಗೆಯನ್ನೇ ನೀವಿದೆ. ಎದೆಯ ಬೇನೆ ಎಡಗೈಗೆ ಇಳಿಯುತ್ತದೆ ಎಂದು ಅತ್ತೆ ಹೇಳುತ್ತಿದ್ದುದು ನೆನಪಾಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಯೇ ಎಂದು ಕೇಳಿದೆ, ಇಲ್ಲ ಎಂದರು. ಪ್ರತಿ ಬೇಸ್ತವಾರ ನನ್ನ ಕೈಕೆಳಗೆ ಆ ಗಂಟು ಮೆತ್ತಗಾಗುತ್ತಿತ್ತು, ಮುಂದಿನ ಬೇಸ್ತವಾರ ಮೊದಲಿಗಿಂತ ಗಟ್ಟಿಯಾಗಿ ಕಾಯುತ್ತಿತ್ತು. ರೈಲಿನಲ್ಲಿ ಕೂತು ನನ್ನ ಹೆಬ್ಬೆರಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದೆ. ಕೈಗುಣ ಕೆಟ್ಟಿತೇ ಎಂದು ಭಯವಾಗುತ್ತಿತ್ತು.

"ನೀ ಅಳಮೋರಿ ಮಾಡಬ್ಯಾಡ," ಎಂದು ಆ ತಾಯಿಯೇ ನನಗೆ ಸಮಾಧಾನ ಹೇಳಿದರು. ಆದರೆ ಅವರ ಎಡಗೈಯ ತಂಬಿಗೆಯಲ್ಲಿ ನೀರು ತುಳುಕುತ್ತಿದ್ದುದನ್ನು ನಾನು ಕಂಡೆ.

ಶಿವರಾತ್ರಿ ಕಳೆದಿತ್ತು. ವಾಡಿಯಲ್ಲಿ ನಮ್ಮ ನೆಂಟರ ಮನೆಯಲ್ಲಿ ಬಾಣಂತಿಗೆ ಎಣ್ಣೆ ಹಚ್ಚಲು ಹೋಗಿ ಅಲ್ಲೇ ಉಳಿದಿದ್ದೆ. ಹಾಗಾಗಿ ಆ ಬೇಸ್ತವಾರ ಬೆಳಗಿನ ಗಾಡಿಗೇ ಚಿತ್ತಾಪುರ ತಲುಪಿದೆ. ಸೊಸೆ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಅವ್ವಾರು ಎಲ್ಲಿ, ತಾಯಿ?"

"ಪೂಜಿಗಿ ಕುಂತಾರಕ್ಕಾ. ಕುಂದ್ರು, ತಡ ಆಗ್ತದ."

ಕೂತೆ. ಬಾಗಿಲಿನಿಂದ ಬಿದ್ದ ಬಿಸಿಲು ಹೊಸ್ತಿಲ ಪಕ್ಕದ ಫರಸಿಯ ಮೇಲಿತ್ತು. ಅದು ಆ ಕಲ್ಲನ್ನು ದಾಟಿತು, ಮುಂದಿನ ಕಲ್ಲನ್ನೂ ದಾಟಿತು. ಸೊಸೆ ಒಂದು ಮೊರ ಮುಗಿಸಿ ಇನ್ನೊಂದು ಮೊರ ತುಂಬಿಕೊಂಡಳು. ಒಳಗಿನಿಂದ ಸದ್ದೇ ಇಲ್ಲ.

"ದಿನಾ ಇಷ್ಟು ಹೊತ್ತು ಆಗ್ತದೇನು?" ಎಂದೆ.

"ಮೊದಲ ಎಲ್ಲಿತ್ತಕ್ಕಾ? ನಾ ನಾಕು ರೊಟ್ಟಿ ಬಡಿಯೋದ್ರಾಗ ಎದ್ದು ಬರ್ತಿದ್ರು. ಬೀಸೋದಿರ್ತಿತ್ತು, ನೀರು ತರೋದಿರ್ತಿತ್ತು. ನೀ ಎಲ್ಲಾ ಬಿಡಿಸಿದಿ. ಈಗ ಮುಂಜಾನಿ ಕುಂತ್ರ ಹೊತ್ತು ಏರೋತನ ಏಳಂಗಿಲ್ಲ. ಸಂಜಿಕೂ ಹಂಗೇ. ಕೈ ಛಲೋ ಆಗ್ಲಿ ಅಂತ ಹರಕಿ ಹೊತ್ತಾರ."

ಸೊಸೆಯ ಎದುರಿಗೇ ನನ್ನ ಎಡಗೈಯನ್ನು ಮುಂದೆ ಚಾಚಿ, ಅಂಗೈ ಮೇಲಾಗಿ, ಕಣ್ಣಿನ ಮಟ್ಟಕ್ಕೆ ಹಿಡಿದೆ. ಅಂಗೈಯಲ್ಲಿ ಏನೂ ಇರಲಿಲ್ಲ. ಬಿಸಿಲು ಅರ್ಧ ಕಲ್ಲು ದಾಟುವುದರೊಳಗೆ ಹೆಗಲು ಉರಿಯತೊಡಗಿತು, ಬೆರಳು ನಡುಗತೊಡಗಿದವು. ಬೆನ್ನ ಹಲಗೆಯ ಮೇಲಂಚು, ಅದೇ ಅಡಿಕೆಯ ಜಾಗ, ಬಿಗಿದು ನಿಂತಿತು. ಪೂಜೆಗೆ ಕೈ ಬೇಕು ಎಂದು ಆ ತಾಯಿ ಮೊದಲ ದಿನವೇ ಹೇಳಿದ್ದರು. ಆದರೆ ಪೂಜೆಯೂ ಕೈಗೆ ಒಂದು ಕೆಲಸ ಎಂದು ನನಗಾಗಲಿ, ಆ ಮನೆಯವರಿಗಾಗಲಿ, ದವಾಖಾನೆಯವರಿಗಾಗಲಿ ಹೊಳೆದಿರಲಿಲ್ಲ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಲಿಂಗ, ಅದನ್ನು ಯಾರು ಭಾರ ಎಂದಾರು?

ನನ್ನ ಔಷಧವೇ ರೋಗವನ್ನು ಬೆಳೆಸಿತ್ತು. ಸೊಸೆಯನ್ನು ಕೆದಕಿ ಕೇಳಿದರೆ, ಪ್ರತಿ ಬೇಸ್ತವಾರ ನಾನು ನೀವಿ ಹೋದ ಮೇಲೆ ಅವರು ಮೈ ತೊಳೆದುಕೊಂಡು ನೇರ ಸಂಜೆಯ ಪೂಜೆಗೆ ಕೂಡುತ್ತಿದ್ದರು. ಹಗುರಾದ ಕೈ ಇನ್ನಷ್ಟು ಹೊತ್ತು ನಿಲ್ಲುತ್ತದೆ ಎಂದು ಇನ್ನಷ್ಟು ಹೊತ್ತು ಎತ್ತಿ ಹಿಡಿಯುತ್ತಿದ್ದರು.

ಕಾರಣ ಸಿಕ್ಕಿತೆಂದು ಹಿಗ್ಗಬೇಕಿತ್ತು, ನನಗೆ ದಿಕ್ಕೇ ತೋಚಲಿಲ್ಲ. ಅಂಬಿಗರ ಹೆಂಗಸು ಅವರ ಪಡಸಾಲೆಯಲ್ಲಿ ಕೂತು ಪೂಜೆ ಕಡಿಮೆ ಮಾಡಿ ಎನ್ನುವುದೇ? ಹೇಳದಿದ್ದರೆ ಕೈ ಹೋಗುತ್ತದೆ, ಕೈ ಹೋದರೆ ಲಿಂಗ ಬೀಳುತ್ತದೆ. "ನೀವೇ ಹೇಳ್ರಿ ತಾಯಿ," ಎಂದು ಸೊಸೆಯನ್ನು ಕೇಳಿಕೊಂಡೆ. ಅವಳು ಮೊರವನ್ನು ಎದೆಗೆ ಅವುಚಿಕೊಂಡು, "ನನ್ನ ಹೆಸರು ತೆಗಿಬ್ಯಾಡಕ್ಕಾ, ನಿನ್ನ ಕಾಲಿಗಿ ಬೀಳ್ತೀನಿ," ಎಂದಳು. ಆ ದಿನ ಏನೂ ಹೇಳದೆ ನೀವಿ ಬಂದೆ. ಮುಂದಿನ ಬೇಸ್ತವಾರ ಹೇಳಿಯೇ ಬಿಡುವುದೆಂದು ಗಟ್ಟಿ ಮಾಡಿಕೊಂಡು ಹೋದೆ.

ಹೇಳುವ ಹದ ಮಾತ್ರ ನನಗೆ ಗೊತ್ತಿರಲಿಲ್ಲ. ಎಣ್ಣೆ ಹಚ್ಚುತ್ತ, ಅವರ ಬೆನ್ನಿಗೆ ಹೇಳಿದೆ. "ಅವ್ವಾರ, ಈ ಬ್ಯಾನಿ ಬೀಸೋದ್ರಿಂದ ಬಂದದ್ದಲ್ರಿ. ಪೂಜಿಯಿಂದ ಬಂದದ್ದು. ಅಷ್ಟೊತ್ತು ಕೈ ಎತ್ತಿ ಹಿಡಿಬ್ಯಾಡ್ರಿ."

ಬೆನ್ನು ಕಲ್ಲಾಯಿತು. ಅವರು ನಿಧಾನವಾಗಿ ಸೆರಗು ಹೊದ್ದುಕೊಂಡು ನನ್ನ ಕಡೆ ತಿರುಗಿದರು.

"ಬ್ಯಾನಿ ಶಿವನಿಂದ ಬಂತು ಅಂತೀಯೇನು? ಹೊಳ್ಯಾಗ ಮೀನ ಹಿಡಿಯೋರು ನಮ್ಮ ಪೂಜಿ ಅಳೀಲಿಕ್ಕ ಬಂದ್ರಲ್ಲ! ಏಳು. ಇನ್ನ ಬರಬ್ಯಾಡ."

ಎಣ್ಣೆಯ ಕೈಯಲ್ಲೇ ಎದ್ದು ಬಂದೆ. ಸಿಟ್ಟು, ಅವಮಾನ ಎರಡೂ ಒಟ್ಟಿಗೆ ಬಂದು ದಾರಿಯುದ್ದಕ್ಕೂ ಅತ್ತೆ. ಮೀನು ಹಿಡಿಯುವವರ ಕೈಯೇ ಅಲ್ಲವೇ ಇಷ್ಟು ದಿನ ನಿಮ್ಮ ಹೆಗಲ ಮೇಲಿದ್ದುದು ಎಂಬ ಮಾತು ವಾಡಿ ಬಂದ ಮೇಲೆ ಹೊಳೆಯಿತು. ಮನೆಗೆ ಬಂದು ಸಿಟ್ಟು ಇಳಿದ ಮೇಲೆ ಇನ್ನೊಂದು ಹುಳ ಹೊಕ್ಕಿತು. ನಾನು ಹೇಳಿದ್ದಾದರೂ ಖಂಡಿತ ಸರಿಯೇ? ಆಯುಷ್ಯವೆಲ್ಲ ಹಾಗೆ ಪೂಜೆ ಮಾಡಿದವರು ಎಷ್ಟೋ ಮಂದಿ ಇದ್ದಾರೆ, ಅವರಿಗೆಲ್ಲ ಹೆಗಲು ಹಿಡಿದಿದೆಯೇ? ತಪ್ಪು ಊಹೆಗಾಗಿ ಒಬ್ಬ ಮುದುಕಿಯ ಮನಸ್ಸು ಮುರಿದೆನೋ ಏನೋ.

ಎರಡು ಬೇಸ್ತವಾರ ಹಾಗೇ ಹೋದವು. ಯುಗಾದಿ ಹತ್ತಿರ ಬಂದಿದ್ದ ಹೊತ್ತಿನ ಬಿಸಿಲು. ಒಂದು ದಿನ ಇನ್ನೂ ಹೊತ್ತು ಏರದಿರುವಾಗ ಸಾವಕಾರರು ಮತ್ತೆ ಬಂದರು. ಈ ಸಲ ಓಣಿಯ ಬಾಯಿಯಲ್ಲಿ ನಿಲ್ಲದೆ ನಮ್ಮ ಗುಡಿಸಲ ಮುಂದೆಯೇ ಬಂದು ನಿಂತರು. ಅವರ ಮುಖ ಬಾಡಿತ್ತು.

"ನಿನ್ನಿ ಮುಂಜಾನಿ ಲಿಂಗ ಕೈ ಜಾರ್ತು," ಎಂದರು. "ಉಡಿಯಾಗ ಬಿತ್ತು, ನೆಲಕ್ಕ ಬೀಳಲಿಲ್ಲ. ಅವಾಗಿಂದ ಕೈ ಏಳವಲ್ದು. ಪೂಜಿ ಇಲ್ಲ ಅಂದ್ರ ನೀರಿಲ್ಲ. ಎಷ್ಟು ಹೇಳಿದ್ರೂ ಹನಿ ನೀರು ಮುಟ್ಟವಲ್ಲರು. ಇಂಥಾ ಬಿಸಿಲಾಗ ಇನ್ನೊಂದು ದಿನ ತಡಿಯಂಗಿಲ್ಲವ್ವಾ. ಬಾ."

ನಾವು ಮುಟ್ಟಿದಾಗ ಹೊತ್ತು ನೆತ್ತಿಗೆ ಬಂದಿತ್ತು. ಆ ತಾಯಿ ಪಡಸಾಲೆಯ ಕಂಬಕ್ಕೆ ಒರಗಿದ್ದರು. ತುಟಿ ಒಡೆದಿದ್ದವು. ಎಡಗೈ ಉಡಿಯಲ್ಲಿ ಬಿದ್ದಿತ್ತು. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ.

ನಾನು ಎಣ್ಣೆಯ ಬುಟ್ಟಿಯನ್ನು ಬಿಚ್ಚಲೇ ಇಲ್ಲ. ಅಂದು ನೀವಿದರೆ ಕೈ ಏಳುವುದಿಲ್ಲ ಎಂದು ನೋಡಿದ ಕೂಡಲೇ ತಿಳಿಯಿತು. ಎತ್ತುವ ಕೆಲಸವನ್ನೇ ಆ ಹೆಗಲಿನಿಂದ ತೆಗೆಯಬೇಕು. ಮೊಳಕೈ ಕೆಳಗೆ ಆನಿಕೆ ಬೇಕು. ಕೌದಿ ಮಡಚಿ ಇಡಿ ಎಂದೆ.

"ಮಲಗಿ ಎದ್ದ ಕೌದಿ ಪೂಜಿಗಿ ಬರಂಗಿಲ್ಲ," ಎಂದರು. ದನಿ ಬಾಡಿತ್ತು, ಹಟ ಬಾಡಿರಲಿಲ್ಲ.

"ಹಂಗಾದ್ರ ಸೊಸಿಯವರು ಹಿಡೀಲಿ. ಅವರಿಗಿ ಲಿಂಗ ಅದ."

ಸೊಸೆ ಪಕ್ಕದಲ್ಲಿ ಕೂತಳು. ಎಲ್ಲಿ ಹಿಡಿಯಬೇಕೆಂದು ನಾನು ಬೆರಳಿಟ್ಟು ತೋರಿಸಿದೆ, ಒಂದು ಕೈ ಮೊಳಕೈ ಕೆಳಗೆ, ಇನ್ನೊಂದು ಬೆನ್ನ ಹಲಗೆಯ ಮೇಲೆ. ಅವಳು ಎತ್ತಿದಳು. ಅಂಜಿಕೆಯಿಂದ ಗಟ್ಟಿಯಾಗಿ ಹಿಡಿದಳು, ಬೇಗನೆ ಎತ್ತಿದಳು. ನಾಲ್ಕು ಹಡೆದು ನೋವಿಗೆ ಅಂಜದ ಆ ತಾಯಿ ಚೀರಿಬಿಟ್ಟರು. ಸೊಸೆ ಕೈ ಬಿಟ್ಟು ಅಳತೊಡಗಿದಳು. ಮಗ ಬಾಗಿಲಲ್ಲಿ ನಿಂತಲ್ಲೇ ಕಣ್ಣೊರೆಸಿಕೊಂಡರು.

"ಎದ್ದು ಹಿತ್ತಲಕ್ಕ ಹೋಗಿ ಮೈ ತೊಳಕೊಂಡು ಬಾ," ಎಂದರು ಆ ತಾಯಿ. ಯಾರಿಗೆ ಹೇಳುತ್ತಿದ್ದಾರೆ ಎಂದು ನನಗೆ ತಿಳಿಯಲಿಲ್ಲ. ಸೊಸೆಯ ಕಡೆ ನೋಡಿದೆ. "ಅಕಿಗಲ್ಲ, ನಿನಗ," ಎಂದರು. "ಏ, ಇಕಿಗಿ ಒಂದು ಮಡಿ ಸೀರಿ ಕೊಡು."

ಹಿತ್ತಲಲ್ಲಿ ನಾಲ್ಕು ತಂಬಿಗೆ ನೀರು ಸುರಿದುಕೊಂಡು, ಸೊಸೆ ಕೊಟ್ಟ ಒಗೆದ ಸೀರೆ ಉಟ್ಟು ಬಂದೆ. ಅಷ್ಟರಲ್ಲಿ ಅವರೂ ಸ್ನಾನ ಮಾಡಿ ಒಳಗಿನ ಕೋಣೆಯಲ್ಲಿ ಕೂತಿದ್ದರು. ಹೊಸ್ತಿಲಲ್ಲಿ ನನ್ನ ಕಾಲು ನಿಂತಿತು.

"ಬಾ. ಅವತ್ತು ಅಂದದ್ದು ಹೊಟ್ಯಾಗ ಇಟ್ಟುಕೋಬ್ಯಾಡ," ಎಂದರು. "ಕಣ್ಣು ಮುಚ್ಚು. ನಾ ಹೇಳೋತನ ತೆರಿಬ್ಯಾಡ. ಹಿಡಿ."

ಅವರ ಎಡಕ್ಕೆ, ತುಸು ಹಿಂದೆ ಕೂತು ಕಣ್ಣು ಮುಚ್ಚಿದೆ. ಕೈಯಿಂದಲೇ ತಡವಿ ಮೊಳಕೈ ಹುಡುಕಿದೆ. ಎಡ ಅಂಗೈಯನ್ನು ಅದರ ಕೆಳಗೆ ಕೊಟ್ಟೆ, ಬಲ ಅಂಗೈಯನ್ನು ಬೆನ್ನ ಹಲಗೆಯ ಮೇಲಿಟ್ಟೆ. ಎತ್ತಲಿಲ್ಲ. ಅವರು ಉಸಿರು ಬಿಟ್ಟಾಗಲೆಲ್ಲ ಒಂದು ಎಳೆಯಷ್ಟು ಮೇಲೆ ಹೋದೆ, ಉಸಿರು ಎಳೆದಾಗ ನಿಂತೆ. ಕೈ ನಡುಗುತ್ತಲೇ ಮೇಲೆ ಬಂತು. ದಾರ ಬಿಚ್ಚಿದ ಸದ್ದು ಕೇಳಿತು, ಪತ್ರಿಯ ವಾಸನೆ ಬಂತು. ಆಮೇಲೆ ಅವರ ಮೈ ಪೂರ್ತಿ ಸ್ತಬ್ಧವಾಯಿತು. ಲಿಂಗ ಈಗ ಅಂಗೈಗೆ ಬಂದಿದೆ ಎಂದು ತಿಳಿದುಕೊಂಡೆ.

ನನಗೆ ಭಯವೋ ಭಯ. ನನ್ನ ಕೈ ಸೋತರೆ ಮುಗಿಯಿತು. ನಾನು ಹಿಡಿದುದು ಸರಿಯೋ ತಪ್ಪೋ, ನಮ್ಮ ಓಣಿಯವರು ಏನೆಂದಾರು, ಇವರ ಬಂಧುಬಳಗ ಏನೆಂದೀತು, ಒಂದೂ ಗೊತ್ತಿರಲಿಲ್ಲ. ಅವರ ಕೈ ಇನ್ನೂ ತನ್ನ ಭಾರವನ್ನು ತಾನೇ ಹೊತ್ತುಕೊಂಡಿತ್ತು. ನನ್ನ ಅಂಗೈ ಅದರ ಕೆಳಗೆ ಸುಮ್ಮನೆ ಇತ್ತು. ಎಷ್ಟು ಹೊತ್ತು ಹಾಗಿತ್ತೋ ಹೇಳಲಾರೆ. ನಂತರ ಮೆಲ್ಲಗೆ, ನಿದ್ದೆಗೆ ಜಾರುವ ಮಗುವಿನ ಹಾಗೆ, ಆ ಕೈಯ ಭಾರ ನನ್ನ ಅಂಗೈಗೆ ಇಳಿಯಿತು. ಬಲಗೈ ಕೆಳಗಿನ ಗಂಟು ಒಂದೆರಡು ಸಲ ಮಿಡುಕಿ ಸಡಿಲವಾಯಿತು. ನಾನು ಒತ್ತಿರಲಿಲ್ಲ, ನೀವಿರಲಿಲ್ಲ.

ಪೂಜೆ ಮುಗಿದದ್ದು ನನಗೆ ಸದ್ದಿನಿಂದ ತಿಳಿಯಿತು. ದಾರ ಕಟ್ಟಿಕೊಂಡರು. ಸೊಸೆಯನ್ನು ಕೂಗಿ ನೀರು ಕೇಳಿದರು. ಬಳೆಯ ಸದ್ದು ಓಡಿ ಬಂತು, ತಂಬಿಗೆ ನೆಲಕ್ಕೆ ತಾಗಿತು. ಅವರು ಕುಡಿಯತೊಡಗಿದರು. ಒಂದೊಂದು ಗುಟುಕೂ ಇಳಿಯುವುದು ಅವರ ಬೆನ್ನ ಮೇಲಿದ್ದ ನನ್ನ ಅಂಗೈಗೆ ತಿಳಿಯುತ್ತಿತ್ತು. ಕಣ್ಣು ತೆರೆ ಎಂದು ಹೇಳುವುದನ್ನು ಅವರು ಮರೆತಿದ್ದರು. ತೆರೆಯಲೋ ಬೇಡವೋ ತಿಳಿಯದೆ, ಕೈಯನ್ನೂ ಬಿಡದೆ, ನಾನು ಹಾಗೇ ಹಿಡಿದುಕೊಂಡು ಕೂತಿದ್ದೆ.